ಐವತ್ತರಲ್ಲಿ ಹಲ್ಲಿಗೆ ಕ್ಲಿಪ್ಪು: ಸೆರಾಮಿಕ್ಕೋ, ಸ್ಟೀಲೋ?

ಮಾರ್ಚ್ ಕ್ಲೋಸಿಂಗು, ಆಡಿಟ್ಟು, ಅದರ ಬೆನ್ನಿಗೇ ಊರಿನಲ್ಲೊಂದು ಮದುವೆ... ಹೀಗಾಗಿ ಈ ಕಡೆ ತಲೆ ಹಾಕದೆ ಎರಡು ತಿಂಗಳಾಯಿತು. ಕ್ಷಮೆಯಿರಲಿ. ಈ ಸಲ ಬ್ಯಾಂಕಿನ ವಿಷಯವಲ್ಲ, ಹಲ್ಲಿನ ವಿಷಯ. ನಗಬೇಡಿ. ನಕ್ಕು ನಾನು ಪಟ್ಟ ಪಾಡನ್ನೇ ಹೇಳಲು ಹೊರಟಿದ್ದೇನೆ.

ಮೂರು ವರ್ಷದ ಹಿಂದಿನ ಮಾತು. ಐರೋಲಿಯ ಐಟಿ ಕಂಪೆನಿಯೊಂದರಲ್ಲಿ ಕೆಲಸಕ್ಕೆ ಸೇರಿದ ನಮ್ಮ ಮಗಳು, "ಅಪ್ಪಾ, ಕೆಳಗಿನ ಹಲ್ಲು ಒಂದರ ಮೇಲೊಂದು ಹತ್ತಿದೆ, ಬ್ರಶ್ಶೇ ಹೋಗುವುದಿಲ್ಲ. ನನ್ನ ಸಂಬಳದಲ್ಲೇ ಕ್ಲಿಪ್ ಹಾಕಿಸಿಕೊಳ್ಳುತ್ತೇನೆ" ಅಂದಳು. ಸಣ್ಣವಳಿದ್ದಾಗಲೇ ಮಾಡಿಸಬೇಕಾಗಿತ್ತು. ಆಗ ಡೊಂಬಿವಲಿಯ ಈ ಫ್ಲಾಟಿನ ಕಂತು ಹೋಗುತ್ತಿತ್ತು. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ" ಅನ್ನುವ ಗಾದೆ ನಮ್ಮಂಥ ವಲಸೆ ಬಂದವರ ಮನೆಯಲ್ಲೇ ಹುಟ್ಟಿರಬೇಕು!

ಫಡ್ಕೆ ರೋಡಿನ ಆಚೆಯ ಗಲ್ಲಿಯಲ್ಲಿ ಒಬ್ಬ ಮರಾಠಿ ಡಾಕ್ಟರಮ್ಮ. ಮಗಳ ಜೊತೆ ನಾವಿಬ್ಬರೂ ಹೋದೆವು. ಆಕೆ ಬಾಯಿ ನೋಡಿ, ಎಕ್ಸ್‌ರೇ ನೋಡಿ, ಎರಡು ಅಚ್ಚುಗಳನ್ನು ಮುಂದಿಟ್ಟರು. ಒಂದರಲ್ಲಿ ಮಾಮೂಲಿ ಸ್ಟೀಲು. ಇನ್ನೊಂದರಲ್ಲಿ ಹಲ್ಲಿನ ಬಣ್ಣದ್ದೇ ಸಣ್ಣ ಬಿಲ್ಲೆಗಳು, ಅದೇ ಸೆರಾಮಿಕ್. ಸ್ಟೀಲಿಗೆ 40 ಸಾವಿರ, ಸೆರಾಮಿಕ್ಕಿಗೆ 55 ಸಾವಿರ. ನಮ್ಮ ಬಂಧುಗಳೊಬ್ಬರು ಮೊದಲೇ ಫೋನಿನಲ್ಲಿ, "ಸೆರಾಮಿಕ್ಕೇ ಹಾಕಿಸಿ ಮಾರಾಯ್ರೆ, ಹುಡುಗಿಯ ಫೋಟೋ ಕಳಿಸುವಾಗ ಕಾಣುವುದಿಲ್ಲ" ಎಂದು ಉಪದೇಶ ಮಾಡಿದ್ದರು. ಅದನ್ನು ಹೇಳಿದ್ದೇ ತಡ ಮಗಳು, "ಕಾಣಲಿ ಬಿಡಿ. ನನಗೆ ಸ್ಟೀಲೇ ಸಾಕು" ಅಂದಳು. ಅಲ್ಲಿಗೆ ಆ ಲೆಕ್ಕ ಮುಗಿಯಿತು.

ಎದ್ದು ಹೊರಡುವ ಹೊತ್ತಿಗೆ ನನ್ನ ಹೆಂಡತಿ, ಬಾಯಿಗೆ ಸೆರಗು ಅಡ್ಡ ಹಿಡಿದು, ಮೆಲ್ಲನೆ ಕೇಳಿದಳು: "ಡಾಕ್ಟರ್, ಮಲಾ ಪಣ್ ಹೋಯೀಲ್ ಕಾ?" ನನಗೂ ಆಗುತ್ತದೆಯಾ ಎಂದು.

ನಾನು ಜೋರಾಗಿ ನಕ್ಕುಬಿಟ್ಟೆ. "ಈ ವಯಸ್ಸಿಗೆ ಯಾರಿಗೆ ತೋರಿಸಲಿಕ್ಕೆ?" ಎಂದೂ ಸೇರಿಸಿದೆ. ಡಾಕ್ಟರು ನಗಲಿಲ್ಲ. ಮಗಳೂ ನಗಲಿಲ್ಲ. ಹೆಂಡತಿ, "ಸುಮ್ಮನೆ ಕೇಳಿದೆ" ಎಂದು ಚಪ್ಪಲಿ ಹಾಕಿಕೊಂಡು ಮೆಟ್ಟಲಿಳಿದಳು. ಮನೆಯ ತನಕ ರಿಕ್ಷಾದಲ್ಲಿ ಮಾತಿಲ್ಲ.

ರಾತ್ರಿ ಮಗಳು ನನ್ನನ್ನು ಬಾಲ್ಕನಿಗೆ ಕರೆದು ಹೇಳಿದಳು: "ಸಂಘದವರು ರಾಜ್ಯೋತ್ಸವದಲ್ಲಿ ನಿರೂಪಣೆ ಮಾಡಿ ಅಂತ ಅಮ್ಮನನ್ನು ಪ್ರತಿ ವರ್ಷ ಕರೆಯುತ್ತಾರೆ. ಅಮ್ಮ ಪ್ರತಿ ವರ್ಷ ಗಂಟಲು ಸರಿ ಇಲ್ಲ ಅನ್ನುತ್ತಾರೆ. ಗಂಟಲು ಸರಿಯೇ ಇದೆ ಅಪ್ಪ."

ಬಿ.ಎ.ಯಲ್ಲಿ ಕನ್ನಡ ಮೇಜರ್ ಓದಿದವಳು, ಕಟ್ಟಡದ ಮಕ್ಕಳಿಗೆಲ್ಲ ಟ್ಯೂಷನ್ ಹೇಳುವವಳು. ಬಲಗಡೆಯ ಕೋರೆಹಲ್ಲು ಸಾಲು ಬಿಟ್ಟು ಮೇಲೆ ನಿಂತಿದೆ, ಮುಂದಿನ ಹಲ್ಲು ಸ್ವಲ್ಪ ಉಬ್ಬು. ಮದುವೆಯ ಆಲ್ಬಮ್ಮು ತೆಗೆದು ನೋಡಿದೆ. ಒಂದು ಫೋಟೋದಲ್ಲೂ ಬಾಯಿ ತೆರೆದು ನಕ್ಕಿಲ್ಲ. ಇಷ್ಟು ವರ್ಷ ನಾನದನ್ನು ನಾಚಿಕೆ ಎಂದುಕೊಂಡಿದ್ದೆ. ದಿನವೂ ಎದುರಿಗೆ ಕೂತು ಊಟ ಮಾಡುವ ಮನುಷ್ಯ, ಬೇರೆಯವರ ಖಾತೆಯಲ್ಲಿ ಹತ್ತು ರೂಪಾಯಿ ಹೆಚ್ಚು ಕಡಿಮೆಯಾದರೆ ಹಿಡಿಯುವವನು, ಇದನ್ನು ಹಿಡಿಯಲಿಲ್ಲ.

ಹಾಗಾಗಿ ಈ ಬರಹದ ಮೊದಲ ಅಭಿಪ್ರಾಯ ಇದು: ದೊಡ್ಡವರು ಹಲ್ಲು ನೇರ ಮಾಡಿಸಿಕೊಳ್ಳುವುದು, ಅದರಲ್ಲೂ ಕಾಣದ ಹಾಗೆ ಸೆರಾಮಿಕ್ ಕೇಳುವುದು ಒಣ ಶೋಕಿ ಎಂದು ನಗುವವರು ಸ್ವಲ್ಪ ತಡೆಯಿರಿ. ಶೋಕಿ ಇದ್ದರೂ ಅದರ ಬೆಲೆ ಎಷ್ಟು? ಇವತ್ತಿನ ದರದಲ್ಲಿ ಒಂದು ಪವನು ಚಿನ್ನಕ್ಕೆ ಆಗುವುದಕ್ಕಿಂತ ಕಡಿಮೆ. ಬಳೆ ಮಾಡಿಸಿದರೆ ಯಾರೂ "ಯಾರಿಗೆ ತೋರಿಸಲಿಕ್ಕೆ" ಎಂದು ಕೇಳುವುದಿಲ್ಲ. ಮಾಡಿಸಿದ ಬಳೆ ನಮ್ಮ ಬ್ಯಾಂಕಿನ ಲಾಕರಿನಲ್ಲೇ ಕೂರುತ್ತದೆ. ಹಲ್ಲು ದಿನಾ ಬಾಯಲ್ಲಿರುತ್ತದೆ.

ಮರುದಿನ ಕ್ಷಮೆ ಕೇಳಿದೆ. "ಆಯ್ತು ಬಿಡಿ" ಅಂದಳು. ಹೆಂಗಸರ "ಆಯ್ತು ಬಿಡಿ" ಎಂದರೆ ಏನೆಂದು ನಿಮಗೆ ಗೊತ್ತಲ್ಲ. ಅದನ್ನು ಸರಿಮಾಡಲು ನನಗೆ ತಿಳಿದ ಒಂದೇ ದಾರಿ, ಹತ್ತು ಕಡೆ ವಿಚಾರಿಸಿ ಲೆಕ್ಕ ಹಾಕುವುದು. ಆ ವಿಚಾರಣೆಯಲ್ಲಿ ತಿಳಿದದ್ದನ್ನು, ನಮ್ಮ ಹಾಗೆ ಠಾಣೆ, ಕಲ್ಯಾಣ, ವಾಶಿ ಕಡೆ ಇರುವ ಕನ್ನಡಿಗರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಮೊದಲಿಗೆ, ಐವತ್ತರಲ್ಲಿ ಹಲ್ಲು ಸರಿಯುತ್ತದೆಯೇ? ಸರಿಯುತ್ತದೆ. ಹಲ್ಲು ಎಲುಬಿನೊಳಗೆ ಗೋಡೆಗೆ ಹೊಡೆದ ಮೊಳೆಯ ಹಾಗಿಲ್ಲ. ಬೇರಿಗೂ ಎಲುಬಿಗೂ ನಡುವೆ ತೆಳುವಾದ ನಾರಿನ ಪದರ ಇದೆ. ತಂತಿ ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ ಒತ್ತಿದಾಗ, ಒತ್ತಡ ಬಿದ್ದ ಕಡೆ ಎಲುಬು ಸ್ವಲ್ಪ ಸ್ವಲ್ಪವೇ ಕರಗುತ್ತದೆ, ಹಿಂದೆ ಖಾಲಿಯಾದ ಕಡೆ ಹೊಸ ಎಲುಬು ಬೆಳೆಯುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನ ನಡಿಗೆ. ಇದಕ್ಕೆ ವಯಸ್ಸಿನ ಗಡಿ ಇಲ್ಲ, ದೊಡ್ಡವರಲ್ಲಿ ಕೊಂಚ ನಿಧಾನ ಅಷ್ಟೆ. ಆದರೆ ವಸಡು ಗಟ್ಟಿ ಇರಬೇಕು. ವಸಡಿನಲ್ಲಿ ರಕ್ತ, ಕೀವು ಇದ್ದರೆ ಮೊದಲು ಅದನ್ನು ವಾಸಿ ಮಾಡಬೇಕು, ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿರಬೇಕು. ಇದನ್ನು ನೋಡದೆ ಮೊದಲ ದಿನವೇ ಅಡ್ವಾನ್ಸ್ ಕೇಳುವವರಿಂದ ದೂರ ಇರಿ.

ಇನ್ನು ಈ ಸೆರಾಮಿಕ್ ಎಂದರೇನು? ಹೆಸರು ಕೇಳಿ ನಾನು ಚಹಾದ ಕಪ್ಪು ಎಂದುಕೊಂಡಿದ್ದೆ. ಅದು ಅಲ್ಯುಮಿನಾ, ಅಂದರೆ ಅಲ್ಯುಮಿನಿಯಂ ಆಕ್ಸೈಡು. ಒಂದೇ ಹರಳಿನಿಂದ ಕೊರೆದು ಮಾಡಿದ್ದಾದರೆ ಅದಕ್ಕೆ ಸಫಾಯರ್ ಎನ್ನುತ್ತಾರೆ, ಗಾಜಿನ ಹಾಗೆ ತಿಳಿ. ಸಣ್ಣ ಸಣ್ಣ ಕಣಗಳನ್ನು ಕಾಯಿಸಿ ಒಂದು ಮಾಡಿದ್ದಾದರೆ ಹಾಲುಬಿಳಿ. ಇದರ ಕಥೆಯೂ ಸ್ವಾರಸ್ಯವಾಗಿದೆ. ಶಾಖವನ್ನು ಹಿಂಬಾಲಿಸುವ ಕ್ಷಿಪಣಿಗಳ ಮೂತಿಗೆ ಗಟ್ಟಿಯಾದ, ಆದರೆ ಅತಿಗೆಂಪು ಕಿರಣ ಒಳಗೆ ಹೋಗುವಂಥ ಹೊದಿಕೆ ಬೇಕೆಂದು ಅಮೆರಿಕದ ಸೆರಡೈನ್ ಸಂಸ್ಥೆ ಅರೆಪಾರದರ್ಶಕ ಅಲ್ಯುಮಿನಾವನ್ನು ಬೆಳೆಸಿತ್ತು. ಹಲ್ಲಿನ ಸಾಮಾನು ಮಾಡುವ ಯುನಿಟೆಕ್ ಕಂಪೆನಿ ಅದನ್ನೇ ಹಿಡಿದು 1987ರಲ್ಲಿ ಸೆರಾಮಿಕ್ ಬ್ರಾಕೆಟ್ಟನ್ನು ಮಾರುಕಟ್ಟೆಗೆ ತಂದಿತು. ಯುದ್ಧಕ್ಕೆ ಹುಟ್ಟಿದ ವಸ್ತು ಕೊನೆಗೆ ಜನ ನಗಲಿಕ್ಕೆ ಉಪಯೋಗಕ್ಕೆ ಬಂತು ನೋಡಿ.

ಅದಕ್ಕೂ ಹಿಂದೆ ಹೋದರೆ, ಈ ವಿದ್ಯೆಗೆ ಇಂದಿನ ರೂಪ ಕೊಟ್ಟವರು ಅಮೆರಿಕದ ಎಡ್ವರ್ಡ್ ಆಂಗಲ್ (1855-1930). ಅವರ ಕಾಲದಲ್ಲಿ ಪ್ರತಿ ಹಲ್ಲಿಗೂ ಲೋಹದ ಪಟ್ಟಿ ಸುತ್ತುತ್ತಿದ್ದರು, ಚಿನ್ನದ ತಂತಿಗಳೂ ಇದ್ದವು. (ಆಗ ಬಾಯಿಯನ್ನೇ ಅಡವಿಟ್ಟು ಗೋಲ್ಡ್ ಲೋನ್ ಕೊಡಬಹುದಿತ್ತೇನೋ!) ಹಲ್ಲಿನ ಎನಾಮಲ್ಲಿಗೆ ಆಮ್ಲ ಸವರಿ ಒರಟು ಮಾಡಿದರೆ ಅಂಟು ಹಿಡಿಯುತ್ತದೆ ಎಂದು 1955ರಲ್ಲಿ ಬ್ಯುನೊಕೋರ್ ತೋರಿಸಿಕೊಟ್ಟ ಮೇಲೆಯೇ ಪಟ್ಟಿ ಹೋಗಿ ಬಿಲ್ಲೆ ಅಂಟಿಸುವ ದಾರಿ ತೆರೆಯಿತು.

ಈಗ ಲಾಭ ನಷ್ಟಕ್ಕೆ ಬರೋಣ.

ಸೆರಾಮಿಕ್ಕಿನ ಜಮೆಯ ಕಡೆ ಇರುವುದು ಮುಖ್ಯವಾಗಿ ಒಂದೇ: ಎದ್ದು ಕಾಣುವುದಿಲ್ಲ. ಕೆಲಸ ಮಾಡುವುದು ತಂತಿ, ಬಿಲ್ಲೆಯಲ್ಲ. ಬಿಲ್ಲೆ ತಂತಿಯನ್ನು ಹಿಡಿದುಕೊಳ್ಳುವ ಗೂಟ. ಹಾಗಾಗಿ "ಸೆರಾಮಿಕ್ ಹಾಕಿದರೆ ಹಲ್ಲು ಇನ್ನೂ ಚೆನ್ನಾಗಿ ಕೂರುತ್ತದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಖರ್ಚಿನ ಕಡೆ ಹೆಚ್ಚು ಸಾಲುಗಳಿವೆ. ಒಂದು, ಬೆಲೆ. ಎರಡು, ಸ್ಟೀಲು ಬಗ್ಗುತ್ತದೆ, ಸೆರಾಮಿಕ್ ಬಗ್ಗುವುದಿಲ್ಲ, ಒಡೆಯುತ್ತದೆ. ಚಕ್ಕುಲಿ, ಚಿಕ್ಕಿ, ಹುರಿಗಡಲೆಗೆ ಎರಡು ವರ್ಷ ನಮಸ್ಕಾರ. ಪೇರಳೆಯನ್ನೂ ಕತ್ತರಿಸಿಯೇ ತಿನ್ನಬೇಕು. ಮೂರು, ಬಿಲ್ಲೆ ಸ್ವಲ್ಪ ದಪ್ಪ, ಮೊದಲ ವಾರ ತುಟಿಯ ಒಳಗೆ ಹುಣ್ಣು. ಅದಕ್ಕೆ ಮೇಣ ಕೊಡುತ್ತಾರೆ. ನಾಲ್ಕು, ಸೆರಾಮಿಕ್ಕಿನ ಮೇಲೆ ತಂತಿ ಜಾರುವಾಗ ಸ್ಟೀಲಿಗಿಂತ ಹೆಚ್ಚು ತಿಕ್ಕಾಟ. ಐದನೆಯದು ಮುಖ್ಯ: ಸೆರಾಮಿಕ್ ನಮ್ಮ ಹಲ್ಲಿನ ಎನಾಮಲ್ಲಿಗಿಂತ ಗಟ್ಟಿ. ಕೆಳಗಿನ ಹಲ್ಲಿಗೆ ಸೆರಾಮಿಕ್ ಹಾಕಿ, ಕಚ್ಚುವಾಗ ಮೇಲಿನ ಹಲ್ಲು ಅದಕ್ಕೆ ತಾಗುತ್ತಿದ್ದರೆ ಮೇಲಿನ ಹಲ್ಲೇ ಸವೆಯುತ್ತದೆ. ಆರು, ಕೊನೆಯಲ್ಲಿ ತೆಗೆಯುವಾಗಲೂ ಕೈ ಹದವಾಗಿರಬೇಕು. ಹೊಸದಾಗಿ ಬಂದ ಕಾಲದಲ್ಲಿ ಬಿಲ್ಲೆಯ ಜೊತೆ ಎನಾಮಲ್ಲಿನ ಚೂರೂ ಎದ್ದು ಬರುತ್ತಿತ್ತು. ಈಗ ಬಿಲ್ಲೆಯ ತಳದ ರಚನೆ ಬದಲಾಗಿ ಆ ಭಯ ಬಹಳ ಕಡಿಮೆಯಾಗಿದೆ, ಆದರೂ ಕೇಳಿ ತಿಳಿದುಕೊಳ್ಳಿ.

ಇದೆಲ್ಲಕ್ಕಿಂತ ದೊಡ್ಡ ಶತ್ರು ನಮ್ಮ ಅಡುಗೆಮನೆಯಲ್ಲಿದೆ. ಅರಸಿನ! ಸೆರಾಮಿಕ್ ಬಿಲ್ಲೆಗೆ ಬಣ್ಣ ಹಿಡಿಯುವುದಿಲ್ಲ. ತಂತಿಯನ್ನು ಬಿಲ್ಲೆಗೆ ಕಟ್ಟುವ ಸಣ್ಣ ರಬ್ಬರ್ ಉಂಗುರಗಳಿಗೆ ಹಿಡಿಯುತ್ತದೆ. ಸೋಮವಾರ ಹೊಸ ರಬ್ಬರ್ ಹಾಕಿಸಿ ಬಂದು ಮಂಗಳವಾರ ಮಧ್ಯಾಹ್ನ ಸಾರು ಉಂಡರೆ ಬುಧವಾರ ಬಾಯಿ ತುಂಬ ಹಳದಿ. ಹಲ್ಲಿನ ಬಣ್ಣದ್ದು ಎಂದು ಹೆಚ್ಚು ದುಡ್ಡು ಕೊಟ್ಟು, ಮದುವೆ ಮನೆಯ ಚಿತ್ರಾನ್ನದ ಬಣ್ಣ ಮಾಡಿಕೊಂಡ ಹಾಗೆ. ರಬ್ಬರ್ ಬದಲಾಯಿಸುವುದು ನಾಲ್ಕಾರು ವಾರಕ್ಕೊಮ್ಮೆ ಮಾತ್ರ. ಇದಕ್ಕೆ ಉಪಾಯ ಎರಡು. ರಬ್ಬರ್ ಬದಲು ಕೂದಲೆಳೆಯಂಥ ಸಣ್ಣ ಸ್ಟೀಲ್ ತಂತಿಯಿಂದ ಕಟ್ಟಿಸಿಕೊಳ್ಳಬಹುದು, ಸ್ವಲ್ಪ ಕಾಣುತ್ತದೆ, ಹಳದಿಯಾಗುವುದಿಲ್ಲ. ಇಲ್ಲವೇ ರಬ್ಬರೇ ಬೇಡದ, ಬಾಗಿಲು ಮುಚ್ಚಿಕೊಳ್ಳುವ ಜಾತಿಯ ಸೆರಾಮಿಕ್ ಬ್ರಾಕೆಟ್ ಇದೆ, ಅದಕ್ಕೆ ಇನ್ನೂ ಹೆಚ್ಚು ದುಡ್ಡು. ನನ್ನ ಹೆಂಡತಿ ಮೂರನೆಯ ಉಪಾಯ ಕಂಡುಹಿಡಿದಳು. ಎರಡು ವರ್ಷ ನಮ್ಮ ಮನೆಯಲ್ಲಿ ಎರಡು ಪಾತ್ರೆ, ಒಂದರಲ್ಲಿ ಅರಸಿನವಿಲ್ಲದ ಸಾರು. ಅದರ ರುಚಿಯ ಬಗ್ಗೆ ನಾನು ಅಭಿಪ್ರಾಯ ಹೇಳಲಿಲ್ಲ. ಒಮ್ಮೆ ಬುದ್ಧಿ ಬಂದಿತ್ತು.

ಎಲ್ಲಿ ಮಾಡಿಸುವುದು? ನಾವು ನಾಲ್ಕೈದು ಕಡೆ ಸುತ್ತಿದೆವು. ಠಾಣೆಯ ನೌಪಾಡಾದಲ್ಲಿ ಸೆರಾಮಿಕ್ಕಿಗೆ 75 ಸಾವಿರ. ವಾಶಿಯಲ್ಲಿ, ತಂತಿಯೇ ಬೇಡ, ಪಾರದರ್ಶಕ ಅಲೈನರ್ ಹಾಕಿಸಿ ಎಂದು ಎರಡು ಲಕ್ಷ. ಕಲ್ಯಾಣದ ಒಂದು ದವಾಖಾನೆಯಲ್ಲಿ ರಿಸೆಪ್ಶನ್ನಿನ ಹುಡುಗನೇ ಬಾಯಿ ನೋಡಿ "ಆರು ತಿಂಗಳಲ್ಲಿ ಗ್ಯಾರಂಟಿ, ಇವತ್ತು ಬುಕ್ ಮಾಡಿದರೆ ಡಿಸ್ಕೌಂಟ್, ನೋ ಕಾಸ್ಟ್ ಇಎಂಐ" ಅಂದ. ನಾನು ಮೂವತ್ತು ವರ್ಷ ಸಾಲ ಕೊಟ್ಟವನು ಸ್ವಾಮಿ. ಬಡ್ಡಿಯಿಲ್ಲದ ಸಾಲ ಎಂಬುದು ಇದ್ದರೆ ನಮ್ಮ ಸಂಬಳ ಎಲ್ಲಿಂದ ಬರಬೇಕು? ಕ್ರೆಡಿಟ್ ಕಾರ್ಡಿನ ಶೂನ್ಯ ಬಡ್ಡಿ ಯೋಜನೆಗಳಲ್ಲಿ ಬಡ್ಡಿಯನ್ನು ಪ್ರೊಸೆಸಿಂಗ್ ಫೀ ಎಂಬ ವೇಷದಲ್ಲಿ ವಸೂಲು ಮಾಡುತ್ತಾರೆ ಎಂದು ರಿಸರ್ವ್ ಬ್ಯಾಂಕೇ 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಬಡ್ಡಿ ಇಲ್ಲ ಎಂದವರಿಗೆ ಒಂದೇ ಪ್ರಶ್ನೆ ಕೇಳಿ: "ನಗದು ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ?" ಆ ಕಡಿಮೆ ಮಾಡುವ ಮೊತ್ತವೇ ಬಡ್ಡಿ.

ಅಲೈನರನ್ನು ತೆಗೆದು ಊಟ ಮಾಡಬಹುದು, ಅರಸಿನದ ಭಯವಿಲ್ಲ, ಒಪ್ಪಿದೆ. ಆದರೆ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಗಂಟೆ ಹಾಕಿಕೊಳ್ಳುವ ಶಿಸ್ತು ಬೇಕು, ಡಾಕ್ಟರ ನಿಗಾ ಬೇಕು. ಡಾಕ್ಟರನ್ನು ಮುಖಾಮುಖಿ ಕಾಣದೆಯೇ ಮನೆಗೆ ಡಬ್ಬಿ ಕಳಿಸುತ್ತಿದ್ದ ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದಾಗ, ಅರ್ಧ ದಾರಿಯಲ್ಲಿದ್ದ ಗಿರಾಕಿಗಳು ಬಾಯಿ ತೆರೆದುಕೊಂಡೇ ನಿಂತರು. ಹಲ್ಲು ಕೊರಿಯರಿನಲ್ಲಿ ಬರುವ ಸಾಮಾನಲ್ಲ.

ಹಾಗಾದರೆ ಕಡಿಮೆ ಖರ್ಚಿನ ದಾರಿ? ಇದೆ. ನವಿ ಮುಂಬಯಿಯಲ್ಲಿ ಡೆಂಟಲ್ ಕಾಲೇಜುಗಳೇ ಹಲವು. ನೆರುಳದಲ್ಲಿ ಡಿ.ವೈ. ಪಾಟೀಲ್ ಮತ್ತು ತೆರ್ಣಾ, ಖಾರ್ಘರದಲ್ಲಿ ವೈ.ಎಂ.ಟಿ., ಕಾಮೋಠೆಯಲ್ಲಿ ಎಂ.ಜಿ.ಎಂ. ಮುಂಬಯಿಯೊಳಗೆ ಹೋಗುವವರಿಗೆ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರಕಾರಿ ಡೆಂಟಲ್ ಕಾಲೇಜು, ಮುಂಬಯಿ ಸೆಂಟ್ರಲ್‌ನಲ್ಲಿ ನಾಯರ್. ಇಂಥ ಕಾಲೇಜುಗಳಲ್ಲಿ ಎಂ.ಡಿ.ಎಸ್. ಓದುವ ಹುಡುಗ ಹುಡುಗಿಯರು ಪ್ರೊಫೆಸರರ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ. ಖಾಸಗಿಗಿಂತ ಖರ್ಚು ಕಡಿಮೆ, ಕಾಯುವುದು ಹೆಚ್ಚು. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಾಯಿಸಿ ಟ್ರಾನ್ಸ್ ಹಾರ್ಬರಿನಲ್ಲಿ ನೆರುಳ... ತಿಂಗಳಿಗೊಮ್ಮೆ ಒಂದು ದಿನ ಹೋಗುತ್ತದೆ. ಸಮಯ ಇರುವವರಿಗೆ, ಮಕ್ಕಳಿಗೆ ರಜೆ ಹೊಂದಿಸಿಕೊಳ್ಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಊರಿಗೆ ಹೋದಾಗ ಮಣಿಪಾಲದಲ್ಲಿ ಮಾಡಿಸುತ್ತೇವೆ ಎನ್ನುವವರಿಗೆ ಒಂದು ಮಾತು: ಕಾಲೇಜು ಒಳ್ಳೆಯದೇ, ಆದರೆ ಪ್ರತಿ ತಿಂಗಳೂ ಮತ್ಸ್ಯಗಂಧ ಹತ್ತಲಿಕ್ಕಾಗುತ್ತದೆಯೇ?

ಎಲ್ಲಿಗೇ ಹೋಗಿ, ಬೋರ್ಡಿನಲ್ಲಿ ಅಕ್ಷರ ಓದಿ. ಬಿ.ಡಿ.ಎಸ್. ಆದವರೆಲ್ಲ ದಂತವೈದ್ಯರೇ. ಹಲ್ಲು ಸಾಲು ಹಿಡಿಸುವುದಕ್ಕೆಂದೇ ಮತ್ತೆ ಮೂರು ವರ್ಷ ಆರ್ಥೊಡಾಂಟಿಕ್ಸ್‌ನಲ್ಲಿ ಎಂ.ಡಿ.ಎಸ್. ಓದಿದವರು ಬೇರೆ. ಸಾಲಕ್ಕೆ ಜಾಮೀನು ನೋಡುವ ಹಾಗೆ ಇದನ್ನು ನೋಡಿ. ಸ್ಟೀಲೋ ಸೆರಾಮಿಕ್ಕೋ ಎಂಬುದು ಅದರ ನಂತರದ ಪ್ರಶ್ನೆ. ನಮ್ಮಲ್ಲಿ ಉಲ್ಟಾ ನಡೆಯುತ್ತದೆ. ಸಾಮಾನು ಮೊದಲು ಆರಿಸುತ್ತೇವೆ, ಕೈ ಯಾರದೆಂದು ಕೇಳುವುದಿಲ್ಲ.

ನಾವು ಕೊನೆಗೆ ಫಡ್ಕೆ ರೋಡಿನ ಡಾಕ್ಟರಮ್ಮನ ಹತ್ತಿರವೇ ಹೋದೆವು. ಆಕೆ ಎಂ.ಡಿ.ಎಸ್. ಆದವರು, ಬೇಡದ ಮಾತಿಲ್ಲ. ಮೇಲಿನ ಸಾಲಿಗೆ ಸೆರಾಮಿಕ್, ಕೆಳಗಿನ ಸಾಲಿಗೆ ಸ್ಟೀಲು ಎಂದು ಆಕೆಯೇ ಸೂಚಿಸಿದರು. ನಗುವಾಗ ಕಾಣುವುದು ಮೇಲಿನದು, ಸವೆಯುವ ಭಯ ಕೆಳಗಿನದ್ದು. ಎರಡಕ್ಕೂ ಪರಿಹಾರ. ಒಟ್ಟು 48 ಸಾವಿರ. ಮೊದಲು 15 ಸಾವಿರ, ಆಮೇಲೆ ಭೇಟಿಗೆ 1,500ರ ಹಾಗೆ 22 ತಿಂಗಳು. ಬರೀ ಸ್ಟೀಲಿಗಿಂತ ಹೆಚ್ಚಾದದ್ದು 8 ಸಾವಿರ, ಅಂದರೆ ದಿನಕ್ಕೆ 12 ರೂಪಾಯಿ, ಒಂದು ಕಟಿಂಗ್ ಚಹಾ. ಹಲ್ಲು ಸಾಲು ಸರಿಮಾಡುವುದು ಸೌಂದರ್ಯದ ಖರ್ಚು ಎಂದು ಆರೋಗ್ಯ ವಿಮೆಯವರು ಸಾಮಾನ್ಯವಾಗಿ ಕೈಯಾಡಿಸುತ್ತಾರೆ, ಅದನ್ನು ನಂಬಿ ಕೂರಬೇಡಿ. ಕೊನೆಗೆ ಹಾಕುವ ರಿಟೇನರಿನ ದುಡ್ಡು ಒಳಗೋ ಹೊರಗೋ ಎಂದು ಮೊದಲೇ ಬರೆಸಿಕೊಳ್ಳಿ. ನಾವು ಕೇಳಲು ಮರೆತು 4 ಸಾವಿರ ಬೇರೆ ಕೊಟ್ಟೆವು.

ಸುಲಭವಾಗಿರಲಿಲ್ಲ. ಜಾಗ ಮಾಡಲು ಮೇಲಿನ ಎರಡು ಒಳ್ಳೆಯ ಹಲ್ಲು ಕೀಳಿಸಬೇಕಾಯಿತು. ಆ ದಿನ ಅವಳು "ಬೇಡ, ಮನೆಗೆ ಹೋಗುವ" ಎಂದು ಎದ್ದೇಬಿಟ್ಟಿದ್ದಳು. ಈ ಸಲ ನಾನು ನಗಲಿಲ್ಲ, ಹೊರಗೆ ಬೆಂಚಿನ ಮೇಲೆ ಅರ್ಧ ಗಂಟೆ ಜೊತೆಗೆ ಕೂತೆ. ಆಮೇಲೆ ಅವಳೇ ಒಳಗೆ ಹೋದಳು. ಎರಡು ಸಲ ಬಿಲ್ಲೆ ಕಿತ್ತು ಬಂತು, ಒಂದು ಸಲ ಚಪಾತಿಯಲ್ಲಿ, ಒಂದು ಸಲ ಕದ್ದು ತಿಂದ ಚಕ್ಕುಲಿಯಲ್ಲಿ. ಟ್ಯೂಷನ್ ಮಕ್ಕಳಿಗೆ ಮೊದಲ ತಿಂಗಳು ಗೊತ್ತೇ ಆಗಲಿಲ್ಲವಂತೆ. ಗೊತ್ತಾದ ಮೇಲೆ ಒಬ್ಬ ಹುಡುಗ, "ಟೀಚರ್, ನಿಮಗೂ ತಾರ್?" ಎಂದು ತನ್ನದನ್ನು ತೋರಿಸಿದನಂತೆ.

ನನ್ನ ಅಭಿಪ್ರಾಯ ಕೇಳಿದರೆ: ಹನ್ನೆರಡು ಹದಿಮೂರರ ಮಕ್ಕಳಿಗೆ ಸ್ಟೀಲೇ ಒಳ್ಳೆಯದು. ಗಟ್ಟಿ, ಅಗ್ಗ, ಆ ವಯಸ್ಸಿನಲ್ಲಿ ಕ್ಲಾಸಿನಲ್ಲಿ ಅರ್ಧ ಮಕ್ಕಳ ಬಾಯಲ್ಲೂ ಅದೇ. ದೊಡ್ಡವರು, ನಾಲ್ಕು ಜನರೆದುರು ಮಾತಾಡುವ ಕೆಲಸದವರು, ಇಷ್ಟಪಟ್ಟರೆ ಮೇಲಿನ ಸಾಲಿಗೆ ಸೆರಾಮಿಕ್ ಹಾಕಿಸಿಕೊಳ್ಳಲಿ, ಅರಸಿನದ ಲೆಕ್ಕ ತಿಳಿದುಕೊಂಡು. ಹೆಣ್ಣು ನೋಡಲು ಬರುವವರಿಗೆ ಕಾಣಬಾರದೆಂದು ಮಾತ್ರ ಯಾವ ಹುಡುಗಿಗೂ ಹಾಕಿಸಬೇಡಿ. ಎರಡು ವರ್ಷದ ತಂತಿಯನ್ನು ಸಹಿಸದವರು ಮೂವತ್ತು ವರ್ಷ ಏನು ಸಹಿಸಿಯಾರು?

ಕ್ಲಿಪ್ ತೆಗೆದ ಮೇಲೂ ಕೆಲಸ ಮುಗಿಯುವುದಿಲ್ಲ, ಇದನ್ನು ಯಾರೂ ಒತ್ತಿ ಹೇಳುವುದಿಲ್ಲ. ಹಲ್ಲಿಗೆ ತನ್ನ ಹಳೇ ಊರಿನ ನೆನಪು ಹೋಗುವುದಿಲ್ಲ, ನಮ್ಮ ಹಾಗೆಯೇ. ಬಿಟ್ಟರೆ ವಾಪಸು ಹೊರಡುತ್ತದೆ. ಅದಕ್ಕೇ ರಿಟೇನರ್, ಮೊದಲು ಹಗಲು ರಾತ್ರಿ, ಆಮೇಲೆ ರಾತ್ರಿ ಮಾತ್ರ, ವರ್ಷಗಟ್ಟಲೆ. ಮೊನ್ನೆ ಊರಿನ ಮದುವೆಯಲ್ಲಿ ಊಟಕ್ಕೆ ಕೂರುವಾಗ ಅದನ್ನು ಪೇಪರ್ ನ್ಯಾಪ್ಕಿನ್ನಿನಲ್ಲಿ ಸುತ್ತಿ ಎಲೆಯ ಪಕ್ಕ ಇಟ್ಟಿದ್ದಾಳೆ. ಬಾಳೆಲೆಯ ಜೊತೆ ಅದೂ ಹೋಯಿತು. ಸೂಟು ತೊಟ್ಟ ಬ್ಯಾಂಕ್ ಆಫೀಸರು ಎಂಜಲೆಲೆಯ ರಾಶಿಯಲ್ಲಿ ಕೋಲು ಹಿಡಿದು ಹುಡುಕುತ್ತಿದ್ದುದನ್ನು ಇಡೀ ಕುಂದಾಪುರ ನೋಡಿತು. ಸಿಗಲಿಲ್ಲ. ಹೊಸದು ಮಾಡಿಸಿದ್ದೇವೆ, ಈಗ ಅದಕ್ಕೊಂದು ಸ್ಟೀಲಿನ ಡಬ್ಬಿ ಇದೆ.

ಅಂದ ಹಾಗೆ, ಕಳೆದ ರಾಜ್ಯೋತ್ಸವಕ್ಕೆ ಸಂಘದವರು ಮತ್ತೆ ಕರೆದರು. ಅವಳ ಗಂಟಲು ಸರಿ ಇತ್ತು. ಒಂದೂವರೆ ಗಂಟೆ ನಿರೂಪಣೆ ಮಾಡಿದಳು. ಮಧ್ಯೆ ಯಾರೋ ಜೋಕು ಹೇಳಿದಾಗ ಮಾತ್ರ ಅಭ್ಯಾಸಬಲದಿಂದ ಸೆರಗು ಬಾಯಿಗೆ ಹೋಯಿತು. ಮೂರನೆಯ ಸಾಲಿನಲ್ಲಿದ್ದ ಮಗಳು ಕೈ ಸನ್ನೆ ಮಾಡಿದ ಮೇಲೆ ಕೆಳಗಿಳಿಯಿತು. ಹಲ್ಲು 22 ತಿಂಗಳಲ್ಲಿ ಸರಿಹೋಯಿತು, ಆ ಕೈ ಸರಿಹೋಗಲು ಇನ್ನೂ ಸ್ವಲ್ಪ ದಿನ ಬೇಕು.